ಹೂವಿನಮ್ಮನ ಬ್ಯಾಟರಿ ಲೆಕ್ಕ

ಮೊಬೈಲ್ ಅಂಗಡಿ ಇಟ್ಕೊಂಡವನಿಗೆ ಮನೇಲಿ ಟೀವಿ ಬೇಕಾಗಿಲ್ಲ ಕಣ್ರೀ. ವಾರಕ್ಕೊಂದಾದ್ರೂ ತಮಾಷೆ ತಾನಾಗೇ ಕೌಂಟರ್‌ಗೆ ನಡ್ಕೊಂಡು ಬರುತ್ತೆ. ನನ್ನದು ಕೊಡಿಗೇಹಳ್ಳಿ ಮೇನ್ ರೋಡಲ್ಲಿ ಸೇಲ್ಸು, ರಿಪೇರಿ ಎರಡೂ ಇರೋ ಚಿಕ್ಕ ಅಂಗಡಿ. ಟಚ್‌ಸ್ಕ್ರೀನ್ ಫೋನು ಹೊಸದಾಗಿ ಎಲ್ಲರ ಕೈಗೂ ಬಂದಿದ್ದ ಕಾಲ. ಬಂದವರೆಲ್ಲ ಕೇಳ್ತಿದ್ದಿದ್ದು ಒಂದೇ: "ಬ್ಯಾಟ್ರಿ ಎಷ್ಟೊತ್ತು ಬರುತ್ತೆ?" ನಾನು ಸ್ವಲ್ಪ ಮುಂಗೋಪಿ. ದಿನಕ್ಕೆ ನಲವತ್ತು ಸಲ ಅದನ್ನೇ ಕೇಳಿಸ್ಕೊಂಡ್ರೆ ನೀವೂ ಆಗ್ತೀರ, ಬಿಡಿ. ಆದ್ರೆ ಆ ವರ್ಷದ ಶ್ರಾವಣದಲ್ಲಿ ಅದೇ ಪ್ರಶ್ನೆಯಲ್ಲಿ ನಾನು, ಒಬ್ಬ ಬಿಲ್ಡರು, ಒಬ್ಬ ಮೇಷ್ಟ್ರು, ಮೂರೂ ಜನ ಒಬ್ಬ ಹೂವು ಮಾರೋ ಹೆಂಗಸಿನ ಮುಂದೆ ಸೋತ್ವಿ. ಸೋತಿದ್ದಕ್ಕೆ ನನಗೆ ಒಂಚೂರೂ ಬೇಜಾರಿಲ್ಲ.

ನಿಂತ ಫೋನು

ಬಿಲ್ಡರು ಅಂದ್ರೆ ಈ ಊರಿನ ಹಳಬರೇ. ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಬೆಳೀತಾರೆ. ನಾವೆಲ್ಲ ಯಜಮಾನ್ರು ಅಂತೀವಿ. ಅವರಿಗೆ ಒಂದು ದೊಡ್ಡ ಫೋನ್ ಕೊಟ್ಟು, "ಬಳಸಿದ್ರೆ ಒಂದು ದಿನ ಬರುತ್ತೆ. ಸ್ಟ್ಯಾಂಡ್‌ಬೈನಲ್ಲಿ ಇಟ್ರೆ ಎಂಟು ದಿನ" ಅಂದಿದ್ದೆ.

ಎರಡೇ ದಿನಕ್ಕೆ ವಾಪಸ್ ಬಂದ್ರು. ಮುಖ ಕೆಂಪಗಿತ್ತು.

"ಏನಪ್ಪಾ, ನಂಗೇ ಸುಳ್ಳು ಏಳ್ತೀಯಾ? ನೀ ಏಳ್ದಂಗೇ ಸ್ಟ್ಯಾಂಡಲ್ಲೇ ಇಟ್ಟಿವ್ನಿ. ಫೋನಲ್ಲಿ ಮಾತಾಡಿದ್ ತಕ್ಷಣ ತಗೊಂಡೋಗಿ ಗೋಡೆಗೆ ಒರಗಿಸಿ ನಿಲ್ಲಿಸ್ತೀನಿ. ಬೀಳಬಾರ್ದು ಅಂತ ಹಿಂದೆಮುಂದೆ ಎರಡು ಲೋಟ ಬೇರೆ! ಯಾರೂ ಮಲಗಿಸ್ಬೇಡಿ ಅಂತ ಮನೆಯೋರಿಗೆಲ್ಲ ಏಳಿದೀನಿ."

ನಾನು ತುಟಿ ಕಚ್ಚಿಕೊಂಡು, ಸ್ಟ್ಯಾಂಡ್‌ಬೈ ಅಂದ್ರೆ ಮುಟ್ಟದೆ ಸುಮ್ಮನೆ ಬಿಡೋದು, ಮಲಗಿಸಿದ್ರೂ ಪರವಾಗಿಲ್ಲ ಅಂತ ಬಿಡಿಸಿ ಹೇಳಿದೆ. ಅವರು ಫೋನನ್ನ ಒಂದ್ಸಲ, ನನ್ನನ್ನ ಒಂದ್ಸಲ ನೋಡಿದ್ರು.

"ಮಲಗಿರೋದಕ್ಕೂ ಸ್ಟ್ಯಾಂಡು ಅಂತಾನೇ ಅಂತಾರಾ? ಈ ಇಂಗ್ಲಿಷ್ನೋರ್ ಮನೇಲಿ ಮಂಚಕ್ಕೆ ಏನಂತಾರಪ್ಪಾ ಅಂಗಾದ್ರೆ?"



ಆರಬಾರದ ಮುಖ

ಎದುರಿನ ಫುಟ್‌ಪಾತಲ್ಲಿ ಹೂವು ಕಟ್ಟುತ್ತಾ ಇದನ್ನೆಲ್ಲ ಕೇಳಿಸ್ಕೊಂಡಿದ್ದ ಹೂವಿನಮ್ಮ, ಮಾರನೇ ದಿನ ತಮ್ಮ ಫೋನ್ ತಂದು ಕೌಂಟರ್ ಮೇಲಿಟ್ರು.

"ತಮ್ಮಾ, ಇದು ಮಧ್ಯಾಹ್ನಕ್ಕೇ ಸತ್ತೋಗುತ್ತೆ. ಏನಾದ್ರೂ ಮಾಡಪ್ಪ."

ವಿಷಯ ಏನಂದ್ರೆ, ಅವರ ಒಬ್ಬಳೇ ಮಗಳು ಅಬ್ಬಿಗೆರೆಯಲ್ಲಿ ಗಂಡನ ಮನೇಲಿದ್ದಾಳೆ. ಚೊಚ್ಚಲು, ದಿನ ತುಂಬಿದೆ. ಬಾಣಂತನಕ್ಕೆ ತವರಿಗೆ ಕರ್ಕೊಂಡು ಬರೋಣ ಅಂದ್ರೆ ಡಾಕ್ಟ್ರು ಹಾಸಿಗೆ ಬಿಟ್ಟು ಏಳಲೇಬೇಡ ಅಂದಿದ್ದಾರೆ. ಅಲ್ಲೇ ಹೋಗಿ ಕೂರೋಣ ಅಂದ್ರೆ ವರಮಹಾಲಕ್ಷ್ಮಿ ಹಬ್ಬ, ವರ್ಷದ ವ್ಯಾಪಾರವೇ ಆ ಹತ್ತು ದಿನ. ಸಾಲದ್ದಕ್ಕೆ ರಸ್ತೆ ಅಗೆದು ಕೇಬಲ್ ಹಾಕ್ತಿದ್ರು, ಬೆಳಗಿಂದ ಸಂಜೆವರೆಗೂ ಕರೆಂಟಿಲ್ಲ. ಅಳಿಯನ ಫೋನ್ ಬಂದಾಗ ಇದು ಸತ್ತಿದ್ರೆ ಗತಿ ಏನು? ಹೇಳುವಾಗ ಅವರ ಕಣ್ಣು ತುಂಬಿತ್ತು. ನನ್ನ ಕೋಪವೆಲ್ಲ ಎಲ್ಲಿ ಹೋಯ್ತೋ ಗೊತ್ತಿಲ್ಲ.

ಫೋನ್ ಬಿಚ್ಚಿ ನೋಡಿದೆ. ಬ್ಯಾಟರಿ ಚೆನ್ನಾಗೇ ಇದೆ. "ದಿನವಿಡೀ ಏನ್ ಮಾಡ್ತೀರಮ್ಮ ಇದರಲ್ಲಿ?"

"ಏನೂ ಇಲ್ಲಪ್ಪ. ಆರೋಕ್ ಬಿಡಲ್ಲ, ಅಷ್ಟೇ."

ಸ್ಕ್ರೀನ್ ಮೇಲೆ ಮಗಳ ಫೋಟೋ ಇತ್ತು. ಬಸುರಿ ಹೆಂಗಸಿನ ಮುಖ ಹಂಗೆ ಕತ್ತಲಾಗೋದು ಒಳ್ಳೇದಲ್ಲ ಅಂತ, ಅದು ಆರಿದಾಗೆಲ್ಲ ಮೊಣಕೈಯಲ್ಲಿ ತಟ್ಟಿ ತಟ್ಟಿ ಬೆಳಗಿಸ್ತಿದ್ರು. ಕೈಯಲ್ಲಿ ಮಲ್ಲಿಗೆ ದಾರ, ಮೊಣಕೈಯಲ್ಲಿ ಮಗಳು!

ಪಕ್ಕದ ಸ್ಟುಡಿಯೋದಲ್ಲಿ ಅದೇ ಫೋಟೋ ಪ್ರಿಂಟ್ ಹಾಕಿಸಿ ಫೋನಿನ ಹಿಂದೆ ಅಂಟಿಸಿಕೊಟ್ಟೆ. ಅವತ್ತಿಂದ ಫೋನ್ ಬೋರಲು ಮಲಗಿತು, ಬ್ಯಾಟರಿ ಸಂಜೆ ದಾಟಿತು. ಎರಡು ದಿನ ಬಿಟ್ಟು ಕೇಳಿದ್ರು: "ಹಿಂದ್ಗಡೆನೇ ಇಷ್ಟು ಚೆನ್ನಾಗಿದೆಯಲ್ಲ ತಮ್ಮಾ, ಮುಂದ್ಗಡೆ ಯಾಕ್ ಮಾಡಿದ್ರು?"

ಮೇಷ್ಟ್ರ ಪರೀಕ್ಷೆ

ವಿದ್ಯಾರಣ್ಯಪುರದ ರಿಟೈರ್ಡ್ ಲೆಕ್ಕದ ಮೇಷ್ಟ್ರು ದಿನಾ ನನ್ನ ಅಂಗಡಿಗೆ ಪೇಪರ್ ಓದೋಕೆ ಬರ್ತಿದ್ರು. ಹೂವಿನಮ್ಮನ ಕಷ್ಟ ಕೇಳಿ, "ಊಹೆ ಬೇಡ ಕಣೋ, ಅಳೆದು ನೋಡೋಣ" ಅಂದ್ರು. ಒಂದೇ ಮಾಡೆಲ್ಲಿನ ಎರಡು ಫೋನ್, ಎರಡಕ್ಕೂ ಫುಲ್ ಚಾರ್ಜ್. ಒಂದನ್ನ ನಾನು ಮಾಮೂಲಾಗಿ ಬಳಸಬೇಕು. ಇನ್ನೊಂದು ಅವರ ಮುಂದೆ ಸ್ಟ್ಯಾಂಡ್‌ಬೈ. ನೋಟ್‌ಬುಕ್ಕಲ್ಲಿ ಗೆರೆ ಎಳೆದು ಶಿಸ್ತಾಗಿ ಕೂತ್ರು.

ಸಂಜೆ ನೋಡಿದ್ರೆ ನಾನು ಬಳಸಿದ್ದರಲ್ಲಿ ಇನ್ನೂ ಚಾರ್ಜ್ ಇದೆ, ಮುಟ್ಟದೇ ಇಟ್ಟಿದ್ದು ಸತ್ತಿದೆ! ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ರು, ಲೆಕ್ಕ ತಿರುಗಿಸಿ ನೋಡಿದ್ರು, ಕಂಪನಿಯವರನ್ನ ಬೈದ್ರು.

ಹೂವು ಕೊಡೋಕೆ ಬಂದಿದ್ದ ಹೂವಿನಮ್ಮ ನೋಟ್‌ಬುಕ್ ಕಡೆ ಕೈ ತೋರಿಸಿದ್ರು. "ಇಷ್ಟೊಂದ್ ಬರೆದಿದ್ದೀರಲ್ಲ, ಹೆಂಗೆ ಬರೆದ್ರಿ?"

"ಎರಡು ನಿಮಿಷಕ್ಕೊಂದ್ ಸಲ ಬಟನ್ ಒತ್ತಿ ಪರ್ಸೆಂಟ್ ನೋಡ್ತಿದ್ದೆನಮ್ಮ."

"ಅಯ್ಯೋ ಮೇಷ್ಟ್ರೇ, ನಿದ್ದೆ ಬಂತಾ ಕಂದಾ ಅಂತ ಎರಡು ನಿಮಿಷಕ್ಕೊಂದ್ ಸಲ ಎಬ್ಬಿಸಿ ಕೇಳಿದ್ರೆ ಮಗು ಮಲಗುತ್ತಾ?"

ನಾನು ನಕ್ಕೂ ನಕ್ಕೂ ಸ್ಟೂಲಿಂದ ಬೀಳೋದೊಂದು ಬಾಕಿ. ಮೇಷ್ಟ್ರು ದೊಡ್ಡ ಮನುಷ್ಯರು. ನೋಟ್‌ಬುಕ್ ಮುಚ್ಚಿ ಹೇಳಿದ್ರು: "ಮೂವತ್ತೈದು ವರ್ಷ ಪಾಠ ಮಾಡಿದ್ದೀನಿ. ನನ್ನ ಪೇಪರ್ ತಿದ್ದಿದವರು ನೀವೇ ಮೊದಲು."

ಎರಡು, ಆಮೇಲೆ ಮೂರು

ಆಮೇಲೆ ಹೂವಿನಮ್ಮ ನಮ್ಮನ್ನೆಲ್ಲ ಬಿಟ್ಟು ತಾವೇ ಒಂದು ಉಪಾಯ ಹೂಡಿದ್ರು. ಮಾತೇ ಆಡಬಾರದು, ಬರೀ ಮಿಸ್ಡ್ ಕಾಲು. ಅಳಿಯ ಒಂದು ರಿಂಗ್ ಕೊಟ್ರೆ ನೋವು ಶುರುವಾಗಿದೆ, ಹೊರಡಿ. ಎರಡು ರಿಂಗ್ ಹೆಣ್ಣು. ಮೂರು ರಿಂಗ್ ಗಂಡು.

"ಹೊರಟ ಮೇಲೆ ನೀವೇ ಅಲ್ಲಿರ್ತೀರಲ್ಲಮ್ಮ, ಎರಡು-ಮೂರು ಯಾಕೆ?" ಅಂದೆ.

"ಗಂಗಮ್ಮ ಸರ್ಕಲ್ ಟ್ರಾಫಿಕ್ ನೋಡಿದ್ದೀಯೇನಪ್ಪ? ನಾನು ಹೋಗಿ ಸೇರೋ ಹೊತ್ತಿಗೆ ಮಗು ಎದ್ದು ಓಡಾಡ್ತಿರುತ್ತೆ."

"ನಾಲ್ಕು, ಐದು ಸಲ ಹೊಡ್ಕೊಂಡ್ರೆ?"

"ಕಟ್ ಮಾಡ್ತೀನಿ. ಎತ್ತಿದ್ರೆ ಬ್ಯಾಟ್ರಿ ಹೋಗಲ್ವಾ?"

ಹಬ್ಬ ಮುಗಿದ ಮಾರನೇ ದಿನ ಮಧ್ಯಾಹ್ನ ಒಂದು ರಿಂಗ್ ಬಂತು, ನಿಂತಿತು. ಬುಟ್ಟಿ ಅಲ್ಲೇ ಬಿಟ್ಟು ಹೂವಿನಮ್ಮ ಎದ್ದು ನಿಂತ್ರು. ಅಂಗಡಿಗೆ ಬಂದಿದ್ದ ಯಜಮಾನ್ರು, "ಬಾರಮ್ಮ, ನನ್ ಕಾರೈತೆ" ಅಂದ್ರು. ನಾನು ಷಟರ್ ಎಳೆದೆ. ರಿಂಗ್ ಲೆಕ್ಕಕ್ಕೆ ಜನ ಬೇಕು ಅಂತ, ಪೇಪರ್ ಓದ್ತಿದ್ದ ಮೇಷ್ಟ್ರೂ ಹತ್ತಿದ್ರು. ನಮ್ಮ ಮೂವರ ಫೋನೂ ಬೆಳಗ್ಗೆಯೇ ಸತ್ತಿತ್ತು. ಜೀವ ಇದ್ದಿದ್ದು ಹೂವಿನಮ್ಮನದು ಮಾತ್ರ.

ಅವರು ಹೇಳಿದಂಗೇ ಗಂಗಮ್ಮ ಸರ್ಕಲ್ಲಲ್ಲಿ ಸಿಕ್ಕಿಹಾಕ್ಕೊಂಡ್ವಿ. ಅಲ್ಲೇ ಫೋನ್ ಹೊಡ್ಕೊಳ್ತು. ಒಂದು, ಎರಡು. ನಿಂತಿತು.

"ಹೆಣ್ಣು! ಮಹಾಲಕ್ಷ್ಮಿನೇ ಬಂದ್ಲು!" ಹೂವಿನಮ್ಮ ಕಣ್ಣೀರಿಟ್ರು. ಕಾರು ಎರಡು ಗಜ ಮುಂದೆ ಹೋಗೋದ್ರಲ್ಲಿ ಮತ್ತೆ ರಿಂಗ್. ಒಂದು, ಎರಡು, ಮೂರು.

ಹೂವಿನಮ್ಮ ಬೆರಳು ಮಡಿಸಿ ಇನ್ನೊಂದು ಸಲ ಎಣಿಸಿದ್ರು.

"ಮೊದಲು ಸರಿಯಾಗಿ ನೋಡ್ಲಿಲ್ವೇನೋ" ಅಂದ್ರು ಯಜಮಾನ್ರು.

"ಒಟ್ಟು ಐದು. ಐದಕ್ಕೆ ಏನಮ್ಮ ಅರ್ಥ?" ಅಂದ್ರು ಮೇಷ್ಟ್ರು.

ಹೂವಿನಮ್ಮನ ಮುಖ ಬಿಳಿಚಿಕೊಂಡಿತ್ತು. "ಏನೋ ಹೆಚ್ಚುಕಮ್ಮಿ ಆಗಿದೆ ಕಣಪ್ಪಾ." ಫೋನ್ ಮಾಡಿ ಕೇಳೋಣ ಕೊಡಿ ಅಂದ್ರೆ ಎದೆಗೆ ಅವಚಿಕೊಂಡ್ರು. "ಬೇಡ, ಮಧ್ಯದಲ್ಲಿ ಸತ್ತೋದ್ರೆ? ಇನ್ನೂ ರಿಂಗ್ ಬಾಕಿ ಇದ್ರೆ?"

ಅಬ್ಬಿಗೆರೆ ಆಸ್ಪತ್ರೆ ಮೆಟ್ಟಿಲನ್ನ ಅವರು ಹತ್ತಿದ ವೇಗಕ್ಕೆ ನಾವು ಹಿಂದೆ ಬಿದ್ವಿ. ವಾರ್ಡ್ ಬಾಗಿಲಲ್ಲಿ ಅಳಿಯ ನಿಂತಿದ್ದ. ಬಲಗೈಲೊಂದು ಬಟ್ಟೆ ಸುತ್ತಿದ ಕೂಸು, ಎಡಗೈಲೊಂದು.

"ಕರೆಕ್ಟಾಗೇ ಕೊಟ್ನಲ್ಲ ಅತ್ತೆ. ಮೊದಲು ಇವಳು, ಆಮೇಲೆ ಇವನು. ನಿಮ್ಮ ಮಗಳು ಆರಾಮಾಗಿದ್ದಾಳೆ."

ಹೂವಿನಮ್ಮ ಅಲ್ಲೇ ನೆಲದ ಮೇಲೆ ಕೂತು ಎರಡನ್ನೂ ಮಡಿಲಿಗೆ ಹಾಕ್ಕೊಂಡ್ರು. ಅತ್ತು ಸಮಾಧಾನವಾದ ಮೇಲೆ ಅಳಿಯನ್ನ ತರಾಟೆಗೆ ತಗೊಂಡ್ರು. "ಅಲ್ಲಯ್ಯಾ, ಅವಳಿ-ಜವಳಿ ಅಂತ ಮೊದ್ಲೇ ಹೇಳೋಕೇನಾಗಿತ್ತು?"

"ದೃಷ್ಟಿ ಆಗುತ್ತೆ ಅಂತ ನಿಮ್ಮ ಮಗಳೇ ಬೇಡ ಅಂದಿದ್ಲು. ಆಮೇಲೆ ಅವಳೇ ಹೇಳಿಬಿಡಿ ಅಂದ್ಲು ಅಂತ ಹತ್ತು ದಿನದಿಂದ ದಿನಾ ಫೋನ್ ಮಾಡ್ತಾನೇ ಇದ್ದೀನಿ. ಒಂದ್ಸಲನಾದ್ರೂ ಎತ್ತಿದ್ರಾ?"

ಹೂವಿನಮ್ಮ ಫೋನನ್ನ ನಮ್ಮೆಲ್ಲರ ಕಡೆ ತಿರುಗಿಸಿ ಎತ್ತಿ ಹಿಡಿದ್ರು. "ಎತ್ತದೇ ಇದ್ದಿದ್ದಕ್ಕೇ ಕಣಯ್ಯಾ, ನೋಡು, ಇನ್ನೂ ಅರವತ್ತು ಪರ್ಸೆಂಟ್ ಐತೆ!"