ಫ್ಲೂ ವರ್ಷ ನನ್ನ ಕೈಗೆ ಸಿಕ್ಕ ರಕ್ತ

ರಕ್ತ ಪರೀಕ್ಷೆ ಮಾಡುವವನು ತಪ್ಪು ಮಾಡಬಾರದು. ನಾನು ಮಾಡುತ್ತಲೇ ಇದ್ದೆ. ಚಾಮರಾಜಪೇಟೆಯ ಡಾಕ್ಟರೊಬ್ಬರ ಷಾಪಿನಲ್ಲಿ ಆ ಕೆಲಸ ನನ್ನದು. ಫ್ಲೂ ಜ್ವರ ಮನೆಮನೆಗೂ ನುಗ್ಗಿದ ವರ್ಷ ನಡೆದದ್ದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ.

೧. ಗಂಟೆಗೆ ನಲವತ್ತು

ರಕ್ತವನ್ನು ಗಾಜಿನ ನಳಿಗೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವೆಂದು ನೋಡುತ್ತಿದ್ದೆವು. ಹೆಚ್ಚು ಇಳಿದರೆ ಒಳಗೆ ರೋಗ ಜೋರಾಗಿದೆಯೆಂದು ಅರ್ಥ. ಬಸವನಗುಡಿಯ ಮೇಷ್ಟರೊಬ್ಬರ ಹೆಂಡತಿ ಬಂದು, ಗಂಡನ ಪರೀಕ್ಷೆ ಏನಾಯಿತೆಂದು ಕೇಳಿದಾಗ ನಾನು ತಲೆಯೆತ್ತದೆ, "ಗಂಟೆಗೆ ನಲವತ್ತು ಇಳಿದಿದೆಯಮ್ಮ" ಎಂದುಬಿಟ್ಟೆ. ಈ ಲೆಕ್ಕದಲ್ಲಿ ಸಂಜೆಯೊಳಗೆ ಯಜಮಾನರ ರಕ್ತವೆಲ್ಲ ಖಾಲಿ ಎಂದುಕೊಂಡು ಆಕೆ ನೆಂಟರಿಗೆಲ್ಲ ಹೇಳಿಕಳಿಸಿದರು. ವಿಷಯ ತಿಳಿದು ಕ್ಷಮೆ ಕೇಳಲು ಹೋದರೆ ಮನೆ ತುಂಬ ಜನ. ಮಫ್ಲರ್ ಸುತ್ತಿಕೊಂಡು, ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದವರು ಮೇಷ್ಟರೇ.

೨. ಬಿಳೀದು

ಫ್ಲೂನಲ್ಲಿ ರಕ್ತದ ಬಿಳಿ ಕಣಗಳು ಕಡಿಮೆಯಾಗುವುದುಂಟು. ಮಲ್ಲೇಶ್ವರದ ತಾಯಿಯೊಬ್ಬರಿಗೆ, ಮಗನಿಗೆ ಬಿಳೀದು ಕಮ್ಮಿ ಎಂದಷ್ಟೇ ಹೇಳಿ ಕಳಿಸಿದೆ. ಆಕೆ ವಾರವಿಡೀ ಅವನಿಗೆ ಬೂದುಗುಂಬಳ, ಮೂಲಂಗಿ, ಮೊಸರನ್ನ ತಿನ್ನಿಸಿದರು. ಜ್ವರ ತಾನಾಗಿ ಬಿಟ್ಟಿತು, ಕಣಗಳೂ ಏರಿದವು. ಆಮೇಲೆ ಅವರ ಬೀದಿಯವರೆಲ್ಲ ಬಂದು ಮೂಲಂಗಿ ದಿನಕ್ಕೆಷ್ಟು ಎಂದು ಡಾಕ್ಟರನ್ನು ಕೇಳತೊಡಗಿದರು. ಡಾಕ್ಟರು ಒಬ್ಬೊಬ್ಬರನ್ನೂ ನನ್ನ ಮೇಜಿಗೆ ಕಳಿಸಿದರು.

೩. ಹದಿನೆಂಟು ಸಾವಿರ

ಮಾಮೂಲ್‌ಪೇಟೆಯ ವರ್ತಕರೊಬ್ಬರಿಗೆ ಫ್ಲೂ ಇಳಿದ ಮೇಲೆ ಮತ್ತೆ ಜ್ವರ, ಕೆಮ್ಮು ಏರಿತು. ಬಿಳಿ ಕಣ ಹತ್ತು ಸಾವಿರ ಮೀರಿದ್ದರೆ ನ್ಯುಮೋನಿಯಾ ಎಂದು ಪೆನಿಸಿಲಿನ್ ಚುಚ್ಚಬೇಕು. ಹೋಲಿಸಿ ನೋಡಲು ನನ್ನ ರಕ್ತವನ್ನೂ ತೆಗೆದಿಟ್ಟೆ. ಎಣಿಸಿದರೆ ಅವರದು ಆರು ಸಾವಿರ, ನನ್ನದು ಹದಿನೆಂಟು ಸಾವಿರ. ಅವರಿಗೆ ಏನೂ ಇಲ್ಲವೆಂದು ಬರೆದುಕೊಟ್ಟು, ನೇರ ಮನೆಗೆ ಹೋಗಿ ಮಲಗಿದೆ.

ಸಾಯುವವನು ಸುಳ್ಳು ಉಳಿಸಿಕೊಳ್ಳಬಾರದೆಂದು ಹೆಂಡತಿಯನ್ನು ಕರೆದು ಹೇಳಿದೆ: "ಒಂದು ಶನಿವಾರಾನೂ ನಾನು ಉಪವಾಸ ಇದ್ದಿಲ್ಲ ಕಣೇ. ವಿಶ್ವೇಶ್ವರಪುರದಲ್ಲಿ ದೋಸೆ ತಿಂದು ಬರ್ತಿದ್ದೆ."

ಅವಳು ನನ್ನ ಹಣೆ ಮುಟ್ಟಿದಳು. "ನಿಮಗೆ ಜ್ವರಾನೇ ಇಲ್ವಲ್ಲ."

ಆಗ ಹೊಳೆಯಿತು. ಇಬ್ಬರ ರಕ್ತದ ನಳಿಗೆಗಳಿಗೆ ಹೆಸರಿನ ಚೀಟಿಗಳನ್ನು ಅದಲುಬದಲು ಅಂಟಿಸಿದ್ದೆ. ಓಡಿಹೋಗಿ ಡಾಕ್ಟರ ಮುಂದೆ ತಪ್ಪೊಪ್ಪಿಕೊಂಡೆ. ಸಂಜೆಯೊಳಗೆ ಇಂಜೆಕ್ಷನ್ ಬಿತ್ತು, ವರ್ತಕರು ಬದುಕಿಕೊಂಡರು. ಅವರ ಮಂಚದ ಪಕ್ಕ ಕೈಮುಗಿದು ನಿಂತಾಗ, ಹೋಗಲಿ ಬಿಡಿ ಎಂದು ಕ್ಷಮಿಸಿಯೂಬಿಟ್ಟರು.

ಹೆಂಡತಿ ಕ್ಷಮಿಸಲಿಲ್ಲ. ಆರು ವರ್ಷ ಪ್ರತಿ ಶನಿವಾರ ನನಗೆ ಜೊತೆಯಾಗಿ ಅವಳು ನಿಜವಾಗಿಯೂ ಉಪವಾಸವಿದ್ದಳು. ಆ ಶನಿವಾರದಿಂದ ಉಪವಾಸ ನನ್ನದು. ಅವಳಿಗೆ ವಿಶ್ವೇಶ್ವರಪುರದಿಂದ ದೋಸೆ ಕಟ್ಟಿಸಿಕೊಂಡು ಬರುವ ಕೆಲಸವೂ ನನ್ನದೇ.