ಮಾವನ ಟ್ಯಾಂಕಿಗೊಂದು ತೂತು

ಮುನಿನಾರಾಯಣಪ್ಪನ ಸಂಸಾರಕ್ಕೆ ಕುತ್ತು ಬಂದದ್ದು ಒಂದು ಗೊರಕೆಯಿಂದ. ಮಗುವಿನ ನಾಮಕರಣದ ದಿನ ಬೇತಮಂಗಲದ ಮಾವನ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ, ಮಾವ ಹೇಳುವ ಅರವತ್ತೈದರ ಯುದ್ಧದ ಕತೆ ಕೇಳುತ್ತ ಗೋಡೆಗೊರಗಿ ಕೂತಿದ್ದ. ಟ್ಯಾಂಕುಗಳು ಕಬ್ಬಿನ ಗದ್ದೆಗೆ ನುಗ್ಗುವ ಹೊತ್ತಿಗೆ ಸರಿಯಾಗಿ ಅವನ ಗೊರಕೆ ಶುರುವಾಯಿತು. ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಬಸ್ಸು ಹತ್ತಿ ಬಂದವನು, ಪಾಪ. ಆದರೆ ಆ ಮಾತನ್ನು ಹವಾಲ್ದಾರ್ ದೊಡ್ಡವೆಂಕಟಪ್ಪನವರಿಗೆ ಹೇಳುವವರು ಯಾರು? ಅವರು ಪಿಂಚಣಿ ತೆಗೆದುಕೊಂಡು ಎಷ್ಟೋ ವರ್ಷವಾಗಿದ್ದರೂ ಅವರ ಮೀಸೆ ಇನ್ನೂ ಕೆಲಸದಲ್ಲೇ ಇತ್ತು.

"ನಾನು ಪ್ರಾಣ ಒತ್ತೆ ಇಟ್ಟ ಕತೆಗೆ ನಿದ್ದೆ ಒಡೆಯೋನ ಮನೆಗೆ ನನ್ ಮಗಳನ್ನ ಕಳ್ಸಲ್ಲ" ಎಂದರು. ಬಾಣಂತನ ಮುಗಿದು ಮಗು ಮಗುಚಿಕೊಳ್ಳುವ ಕಾಲ ಬಂದರೂ ರತ್ನ ತವರಿನಲ್ಲೇ ಉಳಿದಳು. ಇತ್ತ ಉರಿಗಾಮಿನ ಗಣಿ ಲೈನಿನ ಮನೆಯಲ್ಲಿ ಮುನಿನಾರಾಯಣಪ್ಪ ತಾನೇ ಮುದ್ದೆ ತೊಳಸಿ, ಗಂಟುಗಂಟಾದದ್ದನ್ನು ನೀರು ಕುಡಿದು ನುಂಗುತ್ತಿದ್ದ. ಹೆಂಡತಿಯ ನೆನಪು ಅವನಿಗೆ ಮೂರು ಹೊತ್ತೂ, ಅದರಲ್ಲೂ ಊಟದ ಹೊತ್ತಿನಲ್ಲಿ, ಬಲವಾಗಿ ಬರುತ್ತಿತ್ತು.

ಕೊನೆಗೆ ಬಸ್ಸಿನ ಕಂಡಕ್ಟರ ಕೈಲಿ ಮಾವ ಹೇಳಿಕಳಿಸಿದರು. ಭಾನುವಾರ ಮಧ್ಯಾಹ್ನ ಮಗಳು ಮೊಮ್ಮಗುವಿನ ಜೊತೆ ಬರುತ್ತೇನೆ; ಅಳಿಯನಿಗೆ ಬುದ್ಧಿ ಬಂದಿದೆ ಎನಿಸಿದರೆ ಬಿಟ್ಟು ಹೋಗುತ್ತೇನೆ, ಇಲ್ಲದಿದ್ದರೆ ಸಂಜೆ ಬಸ್ಸಿಗೆ ವಾಪಸು ಕರೆದುಕೊಂಡು ಹೋಗುತ್ತೇನೆ.

ಬುದ್ಧಿ ಬಂದದ್ದನ್ನು ತೋರಿಸುವುದು ಹೇಗೆ? ಅವನಿಗೆ ರಾಬರ್ಟ್‌ಸನ್‌ಪೇಟೆಯ ಫಾರಿನ್ ಸಾಮಾನಿನ ಅಂಗಡಿಯಲ್ಲಿದ್ದ ರಿಮೋಟು ಟ್ಯಾಂಕು ನೆನಪಾಯಿತು. ಮದುವೆಯ ಕೈಗಡಿಯಾರ ಬಿಚ್ಚಿಕೊಟ್ಟು ಅದನ್ನು ತಂದ. ಅದು ಯಾವುದೋ ದೇಶದ್ದು, ಮೈಮೇಲೆ ಕರೀ ಶಿಲುಬೆಯ ಗುರುತು ಬೇರೆ. ಮಾವನ ಮುಂದೆ ಬರೀ ಆಟಿಕೆ ಓಡಿಸಿದರೆ ಮೀಸೆ ಇಳಿಯುವುದಿಲ್ಲ. ಮಾವನ ಟ್ಯಾಂಕೇ ಓಡಬೇಕು, ಒಂದು ಮೊಳೆಯೂ ಹೆಚ್ಚು ಕಡಿಮೆಯಾಗದೆ ಓಡಬೇಕು.

ನೋಡಿ ಮಾಡಲು ಮಾದರಿ ಗೋಡೆಯ ಮೇಲೆಯೇ ಇತ್ತು. ಮಾವ ಮದುವೆಗೆ ಉಡುಗೊರೆಯಾಗಿ ಕೊಟ್ಟ ಫೋಟೋ: ಹರೆಯದ ದೊಡ್ಡವೆಂಕಟಪ್ಪನವರು ಒಂದು ಟ್ಯಾಂಕಿನ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ನಿಂತಿದ್ದರು. "ಪೋಟೋದಾಗೆ ಐತಲ್ಲ, ಅದೇ ಆ ಟ್ಯಾಂಕು" ಎಂದು ಮಾವ ಹೇಳಿದ್ದು ನಿದ್ದೆ ಬರುವ ಮುಂಚೆ ಅವನ ಕಿವಿಗೆ ಬಿದ್ದಿತ್ತು.

ಆ ವಾರವೂ ರಾತ್ರಿ ಪಾಳಿ. ಹಗಲು ಮಲಗಬೇಕಾದ ಹೊತ್ತಿನಲ್ಲೆಲ್ಲ ಅವನು ಟ್ಯಾಂಕಿನ ಮುಂದೆ ಕೂತ. ಡಾಲ್ಡಾ ಡಬ್ಬದ ತಗಡು ಬಡಿದು ಚೌಕ ತಲೆಯನ್ನು ದುಂಡಗೆ ಮಾಡಿದ, ಹಳೇ ಛತ್ರಿಯ ಕಡ್ಡಿಯಿಂದ ಉದ್ದನೆಯ ಕೊಳವೆ ಕೂರಿಸಿದ. ಫೋಟೋದಲ್ಲಿ ನಂಬರು ಇರುವ ಕಡೆ ಮಾವನ ಹೊಟ್ಟೆ ಅಡ್ಡ ಬಂದಿದ್ದರಿಂದ ಅದೊಂದನ್ನು ಬಿಟ್ಟ. ಭಾನುವಾರ ಪಾಳಿ ಮುಗಿಸಿ ಬಂದು, ಕೆಂಡದಂಥ ಕಣ್ಣು ಉಜ್ಜಿಕೊಳ್ಳುತ್ತ, ಕಡೆಯ ಕೆಲಸಕ್ಕೆ ಕೈಹಾಕಿದ. ಫೋಟೋದಲ್ಲಿ ಟ್ಯಾಂಕಿನ ತಲೆಯ ಪಕ್ಕಕ್ಕೆ ಒಂದು ತೂತಿತ್ತು. ಅವನೂ ಅದೇ ಜಾಗದಲ್ಲಿ ಕಡಲೆಕಾಳಿನಷ್ಟು ತೂತು ಕೊರೆದ.

ಪಕ್ಕದ ಮನೆಯ ಜಯರಾಮಪ್ಪ ಪೇಪರು ಕೇಳಲು ಬಂದದ್ದು ಆಗಲೇ. ಗಣಿಯಲ್ಲಿ ಹಾಜರಿ ಹಾಕುವ ಜಯರಾಮಪ್ಪನಿಗೆ ತಪ್ಪು ಕಾಣಿಸದ ವಸ್ತು ಈ ಭೂಮಿಯ ಮೇಲಿರಲಿಲ್ಲ.

"ತೂತಾ?" ಎಂದ. "ನಿಮ್ ಮಾವನ ಟ್ಯಾಂಕಿಗೆ ತೂತಾ? ಅವ್ರು ಏಟು ತಿಂದಿದ್ದನ್ನ ಊರಿಗೆಲ್ಲಾ ತೋರುಸ್ತೀಯೇನಯ್ಯಾ?"

ಫೋಟೋದಲ್ಲಿದೆ ಎಂದು ಮುನಿನಾರಾಯಣಪ್ಪ ವಾದಿಸಿದ. ಅಷ್ಟರಲ್ಲಿ ರಾಗಿ ಒಣಹಾಕುತ್ತಿದ್ದ ಎದುರುಮನೆ ಆದಿಲಕ್ಷ್ಮಮ್ಮನೂ ಬಂದು, ಹೆಣ್ಣು ಮಗು ಮೊದಲ ಸಲ ಹೊಸಲು ದಾಟುವ ದಿನ ಒಡಕು ಸಾಮಾನು ಎದುರಿಗಿಡುವುದು ಅಪಶಕುನ ಎಂದು ತೀರ್ಪು ಕೊಟ್ಟಳು. ಕಿಟಕಿ ಗಾಜಿಗೆ ಮೆತ್ತುವ ಪುಟ್ಟಿ ಜಯರಾಮಪ್ಪನ ಮನೆಯಲ್ಲಿತ್ತು. ತೂತು ಮುಚ್ಚಿತು. ಪುಟ್ಟಿ ಹಸಿಯಿದ್ದರೂ ಅದರ ಮೇಲೆ ಬಣ್ಣ ಬಿತ್ತು. ನಂಬರಿಲ್ಲದ ಜಾಗ ಬೋಳು ಕಾಣುತ್ತದೆಂದು ಜಯರಾಮಪ್ಪ ಅಲ್ಲಿ ತ್ರಿವರ್ಣ ಧ್ವಜ ಬರೆದ. ಆದಿಲಕ್ಷ್ಮಮ್ಮ ಅರಿಸಿನ ಕುಂಕುಮ ಹಚ್ಚಿ, ಹೊಸ ಗಾಡಿಗೆ ಮಾಡುವಂತೆ ಮುಂದೊಂದು ನಿಂಬೆಹಣ್ಣು ಇಟ್ಟು, "ಅತ್ತುಸು" ಎಂದಳು.

ಟ್ಯಾಂಕು ನಿಂಬೆಹಣ್ಣನ್ನು ಹತ್ತಲಾರದೆ ಜಾರಿ, ತಿರುಗಿ, ಜಗಲಿಯಿಂದ ಹಾರಿ, ಆದಿಲಕ್ಷ್ಮಮ್ಮನ ಚಾಪೆಯ ರಾಗಿಯೊಳಗೆ ನುಗ್ಗಿತು. ರಿಮೋಟಿನ ಗುಂಡಿ ಅದುಮಿದರೂ ನಿಲ್ಲಲಿಲ್ಲ. ಕೋಳಿಗಳು ಕೂಗಾಡಿದವು. ಶಕುನ ಹೇಳಿದವಳೇ ಈಗ ಶಾಪ ಹಾಕಿದಳು. ಟ್ಯಾಂಕಿನ ಚಕ್ರದ ಪಟ್ಟಿಯ ಸಂದುಸಂದಿಗೂ ಸೇರಿಕೊಂಡ ರಾಗಿಯನ್ನು ಮುನಿನಾರಾಯಣಪ್ಪ ಪಿನ್ನಿನಿಂದ ಒಂದೊಂದೇ ಕೀಳುತ್ತ ಕೂತ. ಕಡೆಯ ಕಾಳು ಬೀಳುವುದಕ್ಕೂ ಬಾಗಿಲಲ್ಲಿ ಆಟೋ ನಿಲ್ಲುವುದಕ್ಕೂ ಸರಿಹೋಯಿತು. ಕಣ್ಣುಮುಚ್ಚಲು ಒಂದು ಗಳಿಗೆಯೂ ಸಿಗಲಿಲ್ಲ.

ಮೊದಲು ಇಳಿದದ್ದು ಕಬ್ಬಿಣದ ತುದಿಯ ಕೋಲು, ಹಿಂದೆ ಮಾವ, ಆಮೇಲೆ ಮಗುವನ್ನೆತ್ತಿಕೊಂಡ ರತ್ನ. "ಪೆಟ್ಟಿಗೆ ಜಗಲಿ ಮೇಲೇ ಇರ್ಲಿ, ಒಳಕ್ಕೆ ಬ್ಯಾಡ" ಎಂದರು ಮಾವ. ರತ್ನಳ ಟ್ರಂಕು ಜಗಲಿಯಲ್ಲೇ ಕೂತಿತು.

ಅವರು ಹೊಸಲು ದಾಟಿದ್ದೇ ಮುನಿನಾರಾಯಣಪ್ಪ ಗುಂಡಿ ಒತ್ತಿದ. ಮಂಚದ ಕೆಳಗಿಂದ ಟ್ಯಾಂಕು ಗುರ್ ಎನ್ನುತ್ತ ಹೊರಟು, ಕೊಳವೆಯನ್ನು ಮಾವನ ಮೊಣಕಾಲಿಗೆ ಗುರಿಯಿಟ್ಟುಕೊಂಡು ಬಂದು ನಿಂತಿತು. ಮಾವನ ಮೀಸೆ ಅದುರಿತು. ಆನಂದಬಾಷ್ಪ ಇನ್ನೇನು ಬಂತು ಎಂದುಕೊಂಡ ಅಳಿಯ.

"ಯಾವ್ದಪ್ಪ ಇದು?"

"ನಿಮ್ದೇ ಮಾವ. ಪೋಟೋದಲ್ಲಿರೋದು."

ದೊಡ್ಡವೆಂಕಟಪ್ಪನವರು ಟ್ಯಾಂಕನ್ನು ಎತ್ತಿ ಹಿಡಿದು, ಫೋಟೋದ ಪಕ್ಕಕ್ಕೆ ಇಟ್ಟು ನೋಡಿದರು. ಬೆರಳು ಆಡಿಸಿದರು.

"ಎಲ್ಲಾ ಸರಿಯಾಗೈತೆ. ತೂತೆಲ್ಲಿ?"

"ಮುಚ್ಬಿಟ್ಟೆ ಮಾವ. ನಿಮ್ಗೆ ಅವಮಾನ ಆಗ್ಬಾರ್ದು ಅಂತ."

"ಆ ತೂತು ಒಡೆದೋನೇ ನಾನು ಕಣಯ್ಯಾ" ಎಂದರು ಮಾವ, ಒಂದೊಂದೇ ಮಾತನ್ನು ಅಗಿದು. "ಇದು ವೈರಿ ಟ್ಯಾಂಕು. ನಾನು ಒಡೆದಾಕಿದ್ದನ್ನ ನೀನು ರಿಪೇರಿ ಮಾಡಿ, ನಮ್ ಬಾವುಟ ಬರ್ದು, ಕುಂಕುಮ ಇಟ್ಟು, ನನ್ ಮೇಲೇ ಓಡುಸ್ಕಂಡು ಬತ್ತಿದ್ದೀಯ."

ಧ್ವಜ ಬರೆದ ಜಯರಾಮಪ್ಪ ಕಿಟಕಿಯಲ್ಲಿ ಇಣುಕುತ್ತಿದ್ದವನು ಮಾಯವಾದ. ಆಗ ಬಾಯಿ ಬಿಟ್ಟವಳು ರತ್ನ.

"ಅರ್ಧದಾಗೆ ನಿದ್ದೆ ಬಂದೋರಿಗೆ ಅದು ಯಾರ ಟ್ಯಾಂಕು ಅಂತ ಎಂಗಪ್ಪಾ ಗೊತ್ತಾಗ್ಬೇಕು? ಇನ್ನೊಂದು ಸಲ ಏಳು, ಕೇಳ್ತಾರೆ."

ಇನ್ನೊಂದು ಸಲ ಹೇಳು ಎಂದು ದೊಡ್ಡವೆಂಕಟಪ್ಪನವರನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವರ ಮುಖ ಕರಗಿದ್ದು ಕಣ್ಣಿಗೆ ಕಾಣುವಂತಿತ್ತು. ಟ್ಯಾಂಕನ್ನು ಕಾಲಿನ ಮುಂದೆ ಇಟ್ಟುಕೊಂಡು, ಕುರ್ಚಿ ಎಳೆದು ಕೂತರು. ಕಡೆಯವರೆಗೆ ಎಚ್ಚರವಾಗಿದ್ದರೆ ಪೆಟ್ಟಿಗೆ ಒಳಗೆ ಬರುತ್ತದೆ ಎಂದರು. ರತ್ನ ಹಿಂದಿನಿಂದ ಬಂದು, "ಚಿವುಟ್ಕೊಂಡಾದ್ರೂ ಎದ್ದಿರಿ. ನಂಗೂ ಅಲ್ಲಿ ಸಾಕಾಗೈತೆ" ಎಂದು ಪಿಸುಗುಟ್ಟಿದಳು. ಆ ಮಾತಿಗೆ ಅವನ ಎದೆ ತುಂಬಿ ಬಂತು. ಈ ಸಲ ಪ್ರಾಣ ಹೋದರೂ ಮಲಗಬಾರದೆಂದು ರಿಮೋಟನ್ನು ಮಡಚಿದ ಮೊಣಕಾಲಿನ ಮೇಲೆ ಗಟ್ಟಿಯಾಗಿ ಹಿಡಿದು ನೆಲಕ್ಕೆ ಕೂತ.

ಕತೆ ಶುರುವಾಯಿತು. ರೈಲಿನಲ್ಲಿ ಹೋದದ್ದು, ಚಳಿ, ಚಪಾತಿ. ಅವನು ತೊಡೆ ಚಿವುಟಿಕೊಂಡ. ಕಬ್ಬಿನ ಗದ್ದೆ ಬಂತು, ದಾಟಿತು. ಹೋದ ಸಲಕ್ಕಿಂತ ಮುಂದೆ ಬಂದೆನಲ್ಲ ಎಂದು ಹಿಗ್ಗಿದ. ಆ ಹಿಗ್ಗೇ ಮುಳುವಾಯಿತು. ಮೈ ಸಡಿಲವಾಯಿತು. ದೂರದಲ್ಲೆಲ್ಲೋ ಮಾವನ ದನಿ, "ಆಗ ನಾನು ಗುರಿ ಇಟ್ಟು..." ಎನ್ನುತ್ತಿತ್ತು. ಅವನ ತಲೆ ಮೆಲ್ಲಗೆ ಬಾಗಿ, ಗಲ್ಲ ರಿಮೋಟಿನ ಗುಂಡಿಯ ಮೇಲೆ ಊರಿತು.

ಎಚ್ಚರವಾದಾಗ ಹೊತ್ತು ಮುಳುಗಿತ್ತು. ಜಗಲಿಯಲ್ಲಿ ಟ್ರಂಕು ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆದಿಲಕ್ಷ್ಮಮ್ಮ, ಟ್ಯಾಂಕು ತಾನೇ ಹೊರಟು ನಿಮ್ಮ ಮಾವನ ಹೆಬ್ಬೆರಳು ಹತ್ತಿತೆಂದೂ, ಅವರು ಕೋಲೆತ್ತಿದರೆಂದೂ ವರದಿ ಒಪ್ಪಿಸಿದಳು. "ರತ್ನ ಎಬ್ಬುಸಕ್ಕೆ ಬಂದ್ಲು ಕಣಪ್ಪಾ. ಮಲಗ್ಲಿ ಬಿಡು, ಸುಸ್ತಾಗೌನೆ ಅಂದು ನಿಮ್ ಮಾವ ಕರ್ಕಂಡೋದ್ರು."

ಮುನಿನಾರಾಯಣಪ್ಪ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ ಟ್ಯಾಂಕನ್ನು ಎತ್ತಿ, ದೀಪ ಹಾಕಿ, ಗೋಡೆಯ ಫೋಟೋದ ಪಕ್ಕ ಹಿಡಿದ. ಕೋಲಿನ ಕಬ್ಬಿಣದ ತುದಿ ಹಸಿ ಪುಟ್ಟಿಯನ್ನು ಸೀಳಿಕೊಂಡು ಹೋಗಿತ್ತು. ತೂತು ಫೋಟೋದಲ್ಲಿದ್ದ ಜಾಗದಲ್ಲೇ ಬಿದ್ದಿತ್ತು.