ಮಾವನ ಡೇಟಾಬೇಸೂ ಅತ್ತೆಯ ಚಪ್ಪರದವರೆಯೂ

ನಮ್ಮ ಸೋದರಮಾವನಿಗೆ ಅನ್ನ ಉಣ್ಣಬೇಕು ಅನ್ನಿಸಿದರೆ ಅವರು ಮೊದಲು ಗದ್ದೆ ನೋಡಲು ಹೊರಡುತ್ತಾರೆ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಸರಿ, ಸ್ವಲ್ಪ ಇದೆ, ಆದರೆ ನೀವು ಅಂದುಕೊಂಡಷ್ಟಿಲ್ಲ. ಕೊಡಗಿನಲ್ಲಿದ್ದುಕೊಂಡು ಅಂಗಡಿಯಿಂದ ಕಾಫಿಪುಡಿ ತರುವುದು ನಾಚಿಕೆಗೇಡು ಎಂದು ಒಮ್ಮೆ ಅವರಿಗೆ ಹೊಳೆಯಿತು. ಪರಿಚಯದವರ ತೋಟದಿಂದ ಹಣ್ಣು ತಂದು, ತಾರಸಿಯ ಮೇಲೆ ಒಣಗಿಸಿ, ಒರಳಲ್ಲಿ ಕುಟ್ಟಿ, ಬಾಣಲೆಯಲ್ಲಿ ಹುರಿದರು. ಸಂಕ್ರಾಂತಿಯ ದಿನ ಎಳ್ಳು ಕೊಡಲು ಹೋದವಳಿಗೆ "ಇರು, ನಮ್ದೇ ಕಾಫಿ ಕುಡ್ಕೊಂಡು ಹೋಗು" ಎಂದರು. ಲೋಟ ಕೈಗೆ ಬಂದದ್ದು ಯುಗಾದಿ ಕಳೆದ ಮೇಲೆ! ಕುಡಿದೆ. ಬಾಣಲೆಯ ರುಚಿ ಚೆನ್ನಾಗಿತ್ತು.

ಮಾವ ಕುಶಾಲನಗರದಲ್ಲಿ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದವರು. ನಮ್ಮ ಕಡೆಯವರೆಲ್ಲ ಹಿಂದೆ ಹಾಸನದ ಕಡೆಯಿಂದ ಬಂದು ಇಲ್ಲಿ ಭತ್ತ, ಶುಂಠಿ ಅಂತ ನೆಲೆನಿಂತರೆ, ಇವರು ಸ್ಕ್ರೂಡ್ರೈವರ್ ಹಿಡಿದು ನಿಂತರು. ಬರೀ ಸೆಲ್ ಹಾಕಿಸಿಕೊಳ್ಳಲು ಬಂದವರ ರೇಡಿಯೊವನ್ನೂ ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡುತ್ತಿದ್ದರು. ಒಳಗೇನಿದೆ ಅಂತ ನೋಡದೆ ಸೆಲ್ ಹಾಕುವುದು ಹೇಗೆ? ಗಿರಾಕಿ ವಾರ ಬಿಟ್ಟು ಬಂದರೆ ರೇಡಿಯೊ ಹೊಸದರಂತೆ ಹಾಡುತ್ತಿತ್ತು, ನಿಜ. ಆದರೆ ಅಷ್ಟರಲ್ಲಿ ಗಿರಾಕಿಯೇ ಇನ್ನೊಂದು ರೇಡಿಯೊ ಕೊಂಡಿರುತ್ತಿದ್ದ. ಹಾಗೆ ಯಾರೂ ವಾಪಸು ಒಯ್ಯದ ಸಾಮಾನುಗಳ ರಾಶಿ ಅಂಗಡಿ ಮುಚ್ಚಿದ ಮೇಲೆ ಮನೆಗೆ ಬಂತು. ಅದರಿಂದ ಒಂದು ಕಂಪ್ಯೂಟರನ್ನೂ ಜೋಡಿಸಿದರು. ನಾನು ಅದೇ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಅದೇ ನನ್ನ ಗ್ರಹಚಾರ.

ಅತ್ತೆ ಇವರ ತದ್ವಿರುದ್ಧ. ಮಾವ ಬಿಚ್ಚಿ ಇಡುವವರು, ಅತ್ತೆ ಕೊಟ್ಟು ಬರುವವರು. ಹಾರಂಗಿ ನಾಲೆಯ ಪಕ್ಕದ ತಮ್ಮ ಮನೆಯ ಹಿತ್ತಲಲ್ಲಿ ಬೆಳೆದದ್ದನ್ನೆಲ್ಲ ಹಂಚುತ್ತಿದ್ದರು. ತರಕಾರಿಯನ್ನಲ್ಲ, ಬೀಜವನ್ನು. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರಿಗೆ, ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟವರಿಗೆ, ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದವರಿಗೆ, ಎಲ್ಲರಿಗೂ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ. ಅದರಲ್ಲಿ ಮುಖ್ಯವಾದದ್ದು ಒಂದು ಚಪ್ಪರದವರೆ. ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಅಂಚಿನಲ್ಲಿ ನೇರಳೆ ಗೆರೆಯಿರುವ ಅಗಲ ಕಾಯಿ, ಸಾರಿಗೆ ಬಿದ್ದರೆ ಬೀದಿ ಕೊನೆಯವರೆಗೂ ಪರಿಮಳ. ಆ ಬೀಜವನ್ನು ಬೂದಿಯಲ್ಲಿ ಕಲಸಿ, ಒಣಗಿದ ಸೋರೆಬುರುಡೆಯಲ್ಲಿ ತುಂಬಿ ಒಲೆಯ ಮೇಲೆ ನೇತುಹಾಕುತ್ತಿದ್ದರು.

ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ಆ ವರ್ಷ ಬುರುಡೆಗೆ ಬೂದಿ ಹಾಕುವ ನೆನಪು ಯಾರಿಗಿರುತ್ತದೆ? ಮರುವರ್ಷ ಮಾವ ಬಿತ್ತಲೆಂದು ಬುರುಡೆ ಬೋರಲು ಹಾಕಿದರೆ ಬಿದ್ದದ್ದು ಹುಳು ತಿಂದ ಹಿಟ್ಟು. ಒಂದು ಬೀಜವೂ ಉಳಿದಿರಲಿಲ್ಲ. ಮಾವ ಆ ಹಿಟ್ಟನ್ನೇ ಮಣ್ಣಿಗೆ ಹಾಕಿ ನೀರು ಹಾಕಿದರು ಎಂದು ಪಕ್ಕದ ಮನೆಯವರು ಹೇಳಿದರು. ನಾನು ಹೋಗಿ ನೋಡುವ ಧೈರ್ಯ ಮಾಡಲಿಲ್ಲ.

ಆಮೇಲೆ ಒಂದು ದಿನ ಮಾವ ಕಾಲೇಜಿಗೇ ಬಂದರು. ಅತ್ತೆ ಯಾರುಯಾರಿಗೋ ಕೊಟ್ಟ ಅವರೆ ಎಲ್ಲೋ ಒಂದು ಕಡೆ ಉಳಿದೇ ಇರಬೇಕು. ಅತ್ತೆಯಿಂದ ಇಸಿದುಕೊಂಡವರನ್ನು, ಅವರು ಮತ್ತೆ ಯಾರಿಗೆ ಕೊಟ್ಟರೋ ಅವರನ್ನು, ಹೀಗೆ ಒಬ್ಬರಿಂದೊಬ್ಬರಿಗೆ ಹುಡುಕಿಕೊಂಡು ಹೋಗಬೇಕು. ಬಿತ್ತನೆಯ ಹೊತ್ತಿಗೆ ಬೀಜ ಮನೆಗೆ ಬರಬೇಕು. ಅದಕ್ಕೆ ಡೇಟಾಬೇಸ್ ಬೇಕು ಅಂದರು. ಎಕ್ಸೆಲ್‌ನಲ್ಲಿ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತೇನೆ ಮಾವ, ಅಂದೆ.

ಮಾವ ಎಕ್ಸೆಲ್ ಒಪ್ಪಲಿಲ್ಲ. ಹೋಗಲಿ, ಒಳ್ಳೆಯ ಡೇಟಾಬೇಸ್ ತಂತ್ರಾಂಶವೇ ಪುಕ್ಕಟೆ ಸಿಗುತ್ತದೆ, ಒಂದು ಸಾಲು ಟೈಪ್ ಮಾಡಿದರೆ ಸಿದ್ಧ ಪ್ಯಾಕೇಜು ತಾನೇ ಇಳಿದು ಕೂರುತ್ತದೆ ಅಂದೆ. ಪ್ಯಾಕೇಜು ಎಂಬ ಮಾತು ಕೇಳಿದ್ದೇ ಅವರು ಮುಖ ಸಿಂಡರಿಸಿದರು.

"ಪ್ಯಾಕೆಟ್ ಬೀಜ ನೋಡಿದೀಯಲ್ಲ ಮಗ? ಒಂದು ಸಲ ಬೆಳೀತದೆ, ಅದ್ರ ಬೀಜ ಹಾಕಿದ್ರೆ ಹಂಗೇ ಬರಲ್ಲ. ನಂಗೆ ಬೀಜದಿಂದಲೇ ಬರ್ಬೇಕು."

ಅಂದರೆ ಮೂಲ ಸಂಕೇತವನ್ನು, ಅದೇ ಸೋರ್ಸ್ ಕೋಡನ್ನು, ಇಳಿಸಿಕೊಂಡು ತಾವೇ ತಮ್ಮ ಯಂತ್ರದಲ್ಲಿ ಕಂಪೈಲ್ ಮಾಡಬೇಕು, ಓಡುವ ತಂತ್ರಾಂಶವಾಗಿ ಕಟ್ಟಿಕೊಳ್ಳಬೇಕು! ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇದು ದೋಸೆ ತಿನ್ನಲು ಉದ್ದು ಬಿತ್ತುವ ಕೆಲಸ. ಮಾಡಬಾರದು ಅಂತೇನಿಲ್ಲ. ಆದರೆ ಹಸಿವಾದಾಗ ಯಾರೂ ಮಾಡುವುದಿಲ್ಲ.

ಮೊದಲ ಫೋನು ನಾನು ಪಾಠ ಮಾಡುತ್ತಿರುವಾಗ ಬಂತು. ರೀಡ್‌ಲೈನ್ ಲೈಬ್ರರಿ ಸಿಗಲಿಲ್ಲವಂತೆ. ಲೈಬ್ರರಿ ಎಂದರೆ ಬೇರೆಯವರು ಮೊದಲೇ ಬರೆದಿಟ್ಟ ಕೋಡು. ದೊಡ್ಡ ತಂತ್ರಾಂಶಗಳು ಅಂಥವನ್ನು ಕೈಸಾಲ ತಂದು ಬಳಸಿಕೊಳ್ಳುತ್ತವೆ. ಇಲ್ಲದಿದ್ದರೆ ಕಂಪೈಲ್ ಶುರುವಿನಲ್ಲೇ ನಿಲ್ಲುತ್ತದೆ. ಮಾವ ಹುಡುಕಿ ನೋಡಿದ್ದರಂತೆ, ರೀಡ್‌ಲೈನ್ ಯಂತ್ರದಲ್ಲೇ ಇದೆಯಂತೆ. ಇದ್ದದ್ದನ್ನು ಇಲ್ಲ ಅನ್ನುವ ಯಂತ್ರದ ಜತೆ ಹೇಗೆ ಬಾಳುವುದು ಎಂದು ಅವರ ತಕರಾರು. ಸಾರು ಉಣ್ಣುವವರಿಗೆ ಸಾರಿದ್ದರೆ ಸಾಕು, ಸಾರು ಮಾಡುವವರಿಗೆ ಸಾರಿನಪುಡಿ ಬೇಕು, ನಿಮ್ಮಲ್ಲಿರುವುದು ಸಾರು, ಪುಡಿ ಬೇರೆ ಪ್ಯಾಕೇಜಿನಲ್ಲಿ ಬರುತ್ತದೆ, ಅದನ್ನು ಹಾಕಿ ಅಂದೆ. ವಿದ್ಯಾರ್ಥಿಗಳು ಇದನ್ನು ಬರೆದುಕೊಂಡರು. ಪರೀಕ್ಷೆಯಲ್ಲಿ ಒಬ್ಬಳು ಇದನ್ನೇ ಬರೆದಳು, ಅಂಕ ಕೊಡದೆ ಇರಲಾಗಲಿಲ್ಲ.

ಆದರೆ ಮಾವ ಪುಡಿಯ ಪ್ಯಾಕೆಟ್ಟನ್ನಾದರೂ ಕೊಂಡರೆ? ಇಲ್ಲ! ಅದನ್ನೂ ಬೀಜದಿಂದಲೇ ಬೆಳೆಯಲು ಹೊರಟರು. ಅದಕ್ಕೆ ಇನ್ನೊಂದು ಲೈಬ್ರರಿ ಬೇಕಿತ್ತು. ಅದನ್ನೂ ಕಂಪೈಲ್ ಮಾಡಿ ವಾಪಸು ಬಂದರೆ ಈಗ ಝಡ್‌ಲಿಬ್ ಎಂಬ ಮತ್ತೊಂದು ಲೈಬ್ರರಿ ಇಲ್ಲ. ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗ ಝಡ್‌ಲಿಬ್‌ನ ಸುದ್ದಿ ಬಂತು. ಬೀಗರೂಟದ ಪಂಕ್ತಿಯಲ್ಲಿ ಅದರ ಮುಂದಿನದ್ದರ ಸುದ್ದಿ ಬಂತು. ನನ್ನ ಗಂಡ ಎಡಗೈಯಲ್ಲಿ ಫೋನು ನನ್ನ ಕಿವಿಗೆ ಹಿಡಿದುಕೊಂಡು, ಯಾವ ಸಂಬಂಧಿಕರು ಕಾಣೆಯಾಗಿದ್ದಾರೆ ಎಂದು ಗಾಬರಿಯಿಂದ ಕೇಳಿದರು. ಪ್ರತಿದಿನ ಒಬ್ಬೊಬ್ಬರು ಅಂದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಥಂಡಿಗೆ ಯಂತ್ರ ಕೆಡುತ್ತದೆಂದು ಮಾವ ಅದನ್ನು ಹಿಂದೆ ಕೋಳಿಮರಿ ಸಾಕುತ್ತಿದ್ದ ಮರದ ಪೆಟ್ಟಿಗೆಯಲ್ಲಿಟ್ಟು ಒಳಗೊಂದು ಬಲ್ಬು ಹಚ್ಚಿದರು. ಕರೆಂಟು ಬಂದಾಗ ಕಂಪೈಲ್, ಹೋದಾಗ ಮತ್ತೆ ಮೊದಲಿಂದ. ನಡುವೆ ಒಂದು ಹೇಟೆಕೋಳಿ ಆ ಬೆಚ್ಚಗಿನ ಜಾಗ ತನ್ನದೇ ಎಂದು ನೆನಪು ಮಾಡಿಕೊಂಡು ಒಳಗೆ ಹೋಗಿ ಕೂತಿತು. ಮಾವ ಅದನ್ನು ಎಬ್ಬಿಸಲಿಲ್ಲ, ಪಾಪ ಅಂತೆ. ಕಂಪೈಲ್ ಮುಗಿಯುವ ಮೊದಲೇ ಮೊಟ್ಟೆ ಬಂತು!

ಕೊನೆಗೂ ಒಂದು ಭಾನುವಾರ ಎಲ್ಲ ಸಲೀಸಾಗಿ ಕಂಪೈಲ್ ಆಯಿತು ಎಂದು ಪರದೆ ಹೇಳಿತಂತೆ. ಮಾವ ಕೇಸರಿಬಾತು ಮಾಡಿ ನನ್ನನ್ನು ಕರೆದರು. ನಾನು ಹೋಗುವಷ್ಟರಲ್ಲಿ ಡೇಟಾಬೇಸನ್ನು ತೆರೆಯಲು ನೋಡಿದ್ದರು. ತೆರೆಯಲಿಲ್ಲ. ಒಂದು ಲೈಬ್ರರಿ ಸಿಗುತ್ತಿಲ್ಲವಂತೆ. ಯಾವುದು? ಅದೇ ಯಂತ್ರ, ಅದೇ ಮಧ್ಯಾಹ್ನ, ತಾನೇ ತಯಾರಿಸಿ ತಾನೇ ಒಂದು ಕಡೆ ಇಟ್ಟ ಲೈಬ್ರರಿ! ನಾನು ಚಮಚ ಕೆಳಗಿಟ್ಟೆ. ಈ ಮನುಷ್ಯನೂ ಈ ಯಂತ್ರವೂ ಸರಿಯಾದ ಜೋಡಿ ಅನ್ನಿಸಿತು. ಇಟ್ಟ ಜಾಗ ಎಲ್ಲಿ ಎಂದು ಯಂತ್ರಕ್ಕೆ ಒಂದು ಮಾತು ಹೇಳಬೇಕು ಮಾವ, ಅಷ್ಟೇ, ಎಂದು ರೇಗುತ್ತಲೇ ಅವರನ್ನು ಸರಿಸಿ ಎರಡು ಸಾಲು ಟೈಪ್ ಮಾಡಿದೆ. ತೆರೆಯಿತು.

"ಇಟ್ಟ ಜಾಗ ಹೇಳ್ದೇ ಹೋದ್ರೆ ಹೆಂಗೆ ಸಿಗ್ತದೆ, ಅಲ್ವಾ?" ಅಂದರು ಮಾವ. ಅದನ್ನು ನನಗೆ ಹೇಳಿದರೋ ಯಂತ್ರಕ್ಕೋ ತಿಳಿಯಲಿಲ್ಲ. ನಾನು ಚಮಚ ಮತ್ತೆ ಎತ್ತಿಕೊಂಡೆ.

ಈಗಲಾದರೂ ಹೆಸರು ತುಂಬಿಸೋಣ ಎಂದು ಕೂತೆವು. ಯಾವ ಬೀಜ, ಕೊಟ್ಟವರು ಯಾರು, ಇಸಿದುಕೊಂಡವರು ಯಾರು. ಈ ತಿಂಗಳುಗಳಲ್ಲಿ ಮಾವ ಸುಮ್ಮನೆ ಕೂತಿರಲಿಲ್ಲ. ಅವರಿವರನ್ನು ವಿಚಾರಿಸಿ ಹೆಸರು, ನಂಬರುಗಳ ಪಟ್ಟಿ ಮಾಡಿಕೊಂಡು, ಕಂಪೈಲ್ ಓಡುವಾಗ ಫೋನು ಮಾಡುತ್ತಿದ್ದರು, ಮಳೆ ಬಿಟ್ಟಾಗ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದರು. ಹತ್ತಿರದವರ ಬೀಜ ಮಳೆಗೆ ಕೊಳೆತಿತ್ತು, ಇಲ್ಲವೇ ಪ್ಯಾಕೆಟ್ ಬೀಜ ಬಂದ ಮೇಲೆ ಬಿಟ್ಟುಹೋಗಿತ್ತು. ದೂರದವರು ಅಂಥ ಅವರೆ ಗೊತ್ತೇ ಇಲ್ಲ ಅಂದಿದ್ದರು. ಮಾವ ಎರಡು ಬೆರಳಲ್ಲಿ ಕುಟ್ಟತೊಡಗಿದರು. ಕೊಟ್ಟವರು ಎಂಬಲ್ಲಿ 'ನಮ್ಮನೆಯವ್ಳು' ಎಂದು ಹಾಕಿದರು. ಕೆಳಗಿನ ಸಾಲಿನಲ್ಲೂ ಅದೇ. ಮೂರನೆಯದರಲ್ಲಿ ಬೇಸರವಾಗಿ 'ಇವ್ಳೇ' ಎಂದಷ್ಟೇ ಹಾಕಿದರು.

ನನ್ನ ತಾಳ್ಮೆ ಮುಗಿಯಿತು. ಇಷ್ಟೆಲ್ಲ ಲೈಬ್ರರಿ ಬೆಳೆದು ಕೊನೆಗೆ 'ಇವ್ಳೇ' ಎಂದು ಬರೆದರೆ ಹುಡುಕುವುದು ಹೇಗೆ? ಅತ್ತೆಯ ಹೆಸರು ಹಾಕಿ ಅಂದೆ. ಮಾವ ಬಲ್ಬಿನ ಕಡೆ ನೋಡಿದರು. ಆಗ ನನಗೆ ಹೊಳೆಯಿತು. ಮಾವ ಅತ್ತೆಯ ಹೆಸರು ಹಿಡಿದು ಕರೆದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. 'ಲೇ', 'ಇವ್ಳೇ', 'ಕೇಳಿಸ್ತಾ' ಇವೇ ಕರೆಯುವ ಬಗೆ. ಆ ಕಾಲದವರಲ್ಲಿ ಅದೇನು ವಿಶೇಷವಲ್ಲ. ಆದರೂ ಅನುಮಾನ ಬಂದು ಕೇಳಿದೆ, ದೂರದ ಮನೆಗಳಲ್ಲಿ ಏನೆಂದು ವಿಚಾರಿಸಿದಿರಿ?

"ನಮ್ಮನೆಯವ್ಳು ಕೊಟ್ಟ ಅವರೆ ಅದ್ಯಾ ಅಂತ ಕೇಳ್ದೆ."

ಯಾರ ಮನೆಯವಳು? ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಸಿಕ್ಕ ಹೆಂಗಸರಿಗೆ ಈ ಮನುಷ್ಯನ ಗುರುತಾದರೂ ಏನು! ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬಲ್ಬಿನ ಬೆಳಕಲ್ಲಿ ಹೇಟೆಯೂ ನನ್ನನ್ನೇ ನೋಡುತ್ತಿತ್ತು. ಫೋನು ಕಸಿದುಕೊಂಡು ಪಟ್ಟಿಯಲ್ಲಿದ್ದ ವಿರಾಜಪೇಟೆಯ ಒಬ್ಬರಿಗೆ ಹಚ್ಚಿದೆ. ಹಿಂದೊಮ್ಮೆ ಮಡಿಕೇರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅತ್ತೆಯ ಪಕ್ಕದ ಮಂಚದಲ್ಲಿದ್ದ, ಬಟ್ಟೆ ಹೊಲಿಯುವ ಹೆಂಗಸು ಅವರು. ಮಾವ ಅವರನ್ನೂ ಒಮ್ಮೆ ಕೇಳಿ, ಇಲ್ಲ ಅನ್ನಿಸಿಕೊಂಡಿದ್ದರು. ನಾನು ಅತ್ತೆಯ ಹೆಸರು ಹೇಳಿ ಅವರೆಯ ಮಾತೆತ್ತಿದೆ.

"ದೇವೀರಮ್ಮನ ಅವರೆಯಾ? ಅದು ಉಂಟಲ್ಲ" ಎಂದರು ಆಕೆ. "ನಮ್ಮ ಲೈನ್‌ಮನೆ ಸಾಲಲ್ಲಿ ಎಲ್ಲಾ ಮನೆಯಲ್ಲೂ ಉಂಟು. ನಾವು ಹಾಗೇ ಹೇಳುವುದು, ದೇವೀರಮ್ಮ ಅಂತ. ಈ ಸಲ ದೇವೀರಮ್ಮ ಚೆನ್ನಾಗಿ ಬಿಟ್ಟಿದೆ ಅಂತ."

ಫೋನಿನ ಸ್ಪೀಕರ್ ಹಾಕಿದ್ದೆ. ಮಾವ ಕೇಳಿಸಿಕೊಂಡರು. ಎದ್ದುಹೋಗಿ ಹಿತ್ತಲ ಬಾಗಿಲಲ್ಲಿ ನಿಂತರು. ಅತ್ತೆ ತೀರಿಕೊಂಡ ಸುದ್ದಿಯನ್ನು ನಾನೇ ಆಕೆಗೆ ಹೇಳಬೇಕಾಯಿತು. ನಾಳೆಯೇ ಬಸ್ಸಿನಲ್ಲಿ ಬೀಜ ಕಳಿಸುತ್ತೇನೆ ಎಂದು ಹೇಳಿ ಇಟ್ಟರು.

ಮರುದಿನ ನಾನು ಕಾಲೇಜು ಮುಗಿಸಿ ಬಸ್‌ಸ್ಟ್ಯಾಂಡಿಗೆ ಹೋದರೆ ಮಾವ ಆಗಲೇ ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರತಿ ಬಸ್ಸಿನ ಬೋರ್ಡನ್ನೂ ಓದುತ್ತ ನಿಂತಿದ್ದರು. ವಿರಾಜಪೇಟೆಯ ಬಸ್ಸು ಬಂತು. ಕಂಡಕ್ಟರು ಸೀಟಿನ ಕೆಳಗಿನಿಂದ ಒಂದು ಬಟ್ಟೆಯ ಚೀಲ ತೆಗೆದರು. ಮೇಲೆ ಹೊಲಿದ ಚೀಟಿಯಲ್ಲಿ ಒಂದೇ ಒಂದು ಹೆಸರಿತ್ತು. ಪಾರ್ಸೆಲ್ ಯಾರ ಹೆಸರಿಗೆ ಬಂದಿದೆ ಎಂದು ಅವರು ವಾಡಿಕೆಯಂತೆ ಕೇಳಿದರು.

ಮಾವ ನನ್ನ ಕಡೆ ನೋಡಿದರು. ನಾನು ಹೇಳಿಬಿಡಬಹುದಿತ್ತು. ಇಷ್ಟು ದಿನ ಎಲ್ಲವನ್ನೂ ಅವರ ಪರವಾಗಿ ನಾನೇ ಹೇಳಿದ್ದೆ, ರೇಗಿದ್ದೆ, ಟೈಪ್ ಮಾಡಿದ್ದೆ. ಆವತ್ತು ಮಾತ್ರ ನಾನು ತಿರುಗಿ ಬಸ್ಸಿನ ಬೋರ್ಡು ಓದತೊಡಗಿದೆ. ಹಿಂದಿನ ಬಸ್ಸು ಹಾರ್ನ್ ಹಾಕುತ್ತಿತ್ತು.

"ದೇವೀರಮ್ಮ" ಅಂದರು ಮಾವ.

ಕಂಡಕ್ಟರು ಚೀಲ ಅವರ ಕೈಗಿಟ್ಟು, ಶಿಳ್ಳೆ ಹೊಡೆದು ಬಸ್ಸು ಹತ್ತಿದರು. ಬಸ್ಸು ಮೈಸೂರಿನ ರಸ್ತೆಗೆ ತಿರುಗಿತು. ಈಗ ಹೆಸರು ಕೇಳುವವರು ಯಾರೂ ಇರಲಿಲ್ಲ. ಮಾವ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಇನ್ನೊಂದು ಸಲ ಹೇಳಿದರು.